ಕಾಫಿ ಸ್ಟೋರಿನಲ್ಲಿ ಮಲಗಿದ ದುರ್ಬೀನು

ಆಲೂರಿನ ಕನ್ನಡಕದಂಗಡಿಯಲ್ಲಿ ಮೂವತ್ತು ವರ್ಷ ಗಾಜು ಉಜ್ಜಿದ ಸೋಮಯ್ಯನಿಗೆ ಒಂದೇ ಕೊರಗು: ತಾನು ಉಜ್ಜಿದ ಯಾವುದರ ಮೇಲೂ ತನ್ನ ಹೆಸರಿಲ್ಲ. ವನಗೂರಿನ ಎಸ್ಟೇಟ್ ಮಾಲೀಕ ರವಿಚಂದ್ರ ಊರವರಿಗಾಗಿ ದೊಡ್ಡ ದುರ್ಬೀನು ಕಟ್ಟಿಸುತ್ತೇನೆ ಎಂದಾಗ, ಅದರ ಹದಿನಾರು ಇಂಚಿನ ಬಟ್ಟಲುಗನ್ನಡಿಯನ್ನು ಸೋಮಯ್ಯ ಎರಡು ವರ್ಷ ಕೈಯಲ್ಲೇ ಉಜ್ಜಿದ. ಅದು ಬೆಳಕನ್ನು ಹತ್ತಡಿ ದೂರದಲ್ಲಿ ಕೂಡಿಸುತ್ತಿತ್ತು; ಹಾಗಾಗಿ ದುರ್ಬೀನಿನ ಕೊಳವೆಯೂ ಹತ್ತಡಿ ಉದ್ದ ಬೇಕಿತ್ತು.

ಸಿಕ್ಕ ಜಾಗ ಮಾತ್ರ ಹಳೇ ಕಾಫಿ ಸ್ಟೋರ್. ಉದ್ದ ನಲವತ್ತಡಿ, ಮಾಡಿನ ಎತ್ತರ ಎಂಟೇ ಅಡಿ. ಗೋಡೆ ಎತ್ತರಿಸಿದರೆ ಗಾಳಿಗೆ ನಿಲ್ಲದು. ಹತ್ತಡಿ ಕೊಳವೆಯನ್ನು ನಿಲ್ಲಿಸುವುದೆಲ್ಲಿ?

ರವಿಚಂದ್ರ ಕರೆಸಿದ, ಸಕಲೇಶಪುರದಲ್ಲಿ ಮನೆ ನಕ್ಷೆ ಬರೆಯುವ ಚಂದ್ರಿಕಾ ಬಂದು ಒಂದೇ ಮಧ್ಯಾಹ್ನದಲ್ಲಿ ದಾರಿ ಹುಡುಕಿಬಿಟ್ಟಳು.

"ನಿಲ್ಲಿಸೋದ್ಯಾಕೆ? ಮಲಗ್ಸಿ. ಹೊರಗೆ ಕಟ್ಟೆ ಮೇಲೆ ತಿರುಗೋ ಚಪ್ಪಟೆ ಕನ್ನಡಿ ಓರೆಯಾಗಿ ಇಟ್ರೆ, ಆಕಾಶದ ಬೆಳಕು ಸೀದಾ ಒಳಗಿರೋ ಸೋಮಯ್ಯನೋರ ಕನ್ನಡಿಗೆ ಬತ್ತೈತೆ."

"ಎಂಥ ತಲೆ ಮಾರಾಯ್ತಿ ನಿಂದು!" ಎಂದ ರವಿಚಂದ್ರ. "ಚಂದ್ರಿಕಾ ದುರ್ಬೀನು ಅಂತ್ಲೇ ಬೋರ್ಡ್ ಹಾಕ್ಸಣ."

ಸೋಮಯ್ಯನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಸವೆದ ಬೆರಳು ತನ್ನದು, ಹೆಸರು ಅವಳದು!

ಅವರು ಹೋದ ಮೇಲೆ ಅವಳು ಬರೆದಿಟ್ಟ ನಕ್ಷೆ ಹಿಡಿದು ತಪ್ಪು ಹುಡುಕಲು ಕೂತ. ಮೂರು ಸಲ ಟೇಪು ಎಳೆದರೂ ಕೋಣೆಯ ಅಳತೆ ಸರಿಯಾಗಿಯೇ ಇತ್ತು. ಸೋತು ಏಳುವಾಗ ಮೂಲೆಯ ಕಾಫಿ ಜರಡಿ ಕಣ್ಣಿಗೆ ಬಿತ್ತು. ಅದನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದ. ಎದುರು ಗೋಡೆಯ ಮೇಲೆ ದುಂಡು ಜರಡಿಯ ನೆರಳು ಮೊಟ್ಟೆಯಂತೆ ಕಿರಿದಾಯಿತು.

ಚಪ್ಪಟೆ ಕನ್ನಡಿಗೂ ಅವಳು ಹದಿನಾರೇ ಇಂಚು ಬರೆದಿದ್ದಳು! ಓರೆಯಾಗಿ ನಿಂತರೆ ಅದೂ ಹೀಗೇ ಕಿರಿದಾಗಿ, ತನ್ನ ದುಂಡು ಕನ್ನಡಿ ತುಂಬುವಷ್ಟು ಬೆಳಕು ಕಳಿಸದು. ಉದ್ದ ಇಪ್ಪತ್ತಮೂರಾದರೂ ಬೇಕು.

ಸೋಮಯ್ಯನಿಗೆ ಹಾಲು ಕುಡಿದಷ್ಟು ಸಂತೋಷ. ಸುಮ್ಮನಿದ್ದರೆ ಮೊದಲ ದಿನವೇ ಅವಳ ಹೆಸರು ಮಣ್ಣುಪಾಲು. ಆದರೆ ಗುರುಗ್ರಹ ಮಂಕಾಗಿ ಕಂಡರೆ ಜನ ಬೈಯುವುದು ಅವಳ ನಕ್ಷೆಯ ಗೆರೆಯನ್ನಲ್ಲ, ತನ್ನ ಗಾಜನ್ನು.

ಮರುದಿನ ರವಿಚಂದ್ರನ ಎದುರೇ, ಬೇಕೆಂದೇ ಗಟ್ಟಿಯಾಗಿ ಹೇಳಿದ: "ನಕ್ಷೆ ತಪ್ಪೈತೆ ಕಣಮ್ಮ." ಜರಡಿ ಹಿಡಿದು ನೆರಳನ್ನೂ ತೋರಿಸಿದ.

ಚಂದ್ರಿಕಾ ನಕ್ಕುಬಿಟ್ಟಳು. "ಅಯ್ಯೋ ಹೌದಲ್ಲ! ನಂಗೆ ಹೊಳೀಲೇ ಇಲ್ಲ ಕಣ್ರೀ. ನೀವಿಲ್ದಿದ್ರೆ ಎಲ್ಲಾ ಕೆಟ್ಟೋಗ್ತಿತ್ತು." ಹದಿನಾರನ್ನು ಹೊಡೆದು ಇಪ್ಪತ್ತಮೂರು ಬರೆದಳು. ಪಕ್ಕದಲ್ಲಿ, ತಿದ್ದಿದವರು ಸೋಮಯ್ಯ ಎಂದೂ ಬರೆದಳು.

"ಹಂಗಾದ್ರೆ ಬೋರ್ಡಲ್ಲಿ ಇಬ್ರ ಹೆಸ್ರೂ ಇರ್ಲಿ," ಎಂದ ರವಿಚಂದ್ರ.

ಹೆಸರು ಸಿಕ್ಕಿತು. ಕೆಂಡ ಮಾತ್ರ ಆರಲಿಲ್ಲ. ತಪ್ಪಾಯಿತೆಂದು ಹಾಗೆ ನಕ್ಕು ಒಪ್ಪಿಕೊಳ್ಳುವುದು ಮೂವತ್ತು ವರ್ಷದಲ್ಲಿ ಅವನಿಗೆ ಒಮ್ಮೆಯೂ ಆಗಿರಲಿಲ್ಲ.

"ಆ ಚಪ್ಪಟೆ ಕನ್ನಡೀನೂ ನಾನೇ ಉಜ್ಜೋದು," ಎಂದ, ಅವಳ ಮುಖ ನೋಡದೆ.