ಡ್ರೈವರ್ ಇಲ್ಲದೆ ಮಂಗಳೂರಿಗೆ

ನನಗೆ ಲೈಸೆನ್ಸ್ ಸಿಕ್ಕಿದ್ದು ಐವತ್ತೊಂದನೇ ವಯಸ್ಸಿನಲ್ಲಿ, ಮೂರನೇ ಸಲಕ್ಕೆ. ಮೊದಲೆರಡು ಸಲವೂ ಫೇಲಾದದ್ದು ಏರಿನಲ್ಲಿ. ಪರೀಕ್ಷೆಯಲ್ಲಿ ಏರಿನ ಅರ್ಧಕ್ಕೆ ಕಾರು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ನನ್ನದು ಎರಡು ಸಲವೂ ಜಾರಿತು. ಮೂರನೇ ಸಲ ಹೇಗೆ ಹತ್ತಿತೋ ನನಗೇ ಗೊತ್ತಿಲ್ಲ. "ಹೋಗ್ಲಿ ಬಿಡಿ ಮೇಡಂ, ಮಾರ್ಕೆಟ್ಟಿಗೆ ಹೋಗಿಬರೋರಿಗೆ ಏರು ಯಾಕೆ ಬೇಕು," ಎಂದು ಎರಡನೇ ಸಲ ಫೇಲಾದಾಗ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಸಮಾಧಾನ ಹೇಳಿದ್ದರು. ಫೇಲಾದದ್ದಕ್ಕಿಂತ ಆ ಸಮಾಧಾನವೇ ನನ್ನನ್ನು ಹೆಚ್ಚು ಚುಚ್ಚಿತ್ತು.

ಶಿವಮೊಗ್ಗದ ಆ ಸ್ಕೂಲಿನ ಬೆಳಗಿನ ಬ್ಯಾಚಿನಲ್ಲಿ ನಾವು ಮೂವರು ಹೆಂಗಸರಿದ್ದೆವು. ನಾನು ವಿದ್ಯಾನಗರದವಳು, ಕಾಲೇಜೊಂದರಲ್ಲಿ ಲೈಬ್ರರಿಯನ್. ಇನ್ನೊಬ್ಬಳಿಗೆ ಭದ್ರಾವತಿಯಲ್ಲಿ ಟೈಲರಿಂಗ್ ಅಂಗಡಿ. ಅವಳ ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿದ್ದವರು, ಮನೆಮಾತು ತಮಿಳು. ತನ್ನೂರಿನಲ್ಲೇ ಕಲಿತರೆ ಗಿರಾಕಿಗಳೆಲ್ಲ ನಿಂತು ನೋಡುತ್ತಾರೆಂದು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರುತ್ತಿದ್ದಳು. ಮೂರನೆಯವಳು ಹೊಳೆಹೊನ್ನೂರಿನವಳು. ಗದ್ದೆ, ತೋಟ ಎಲ್ಲ ಅವಳದೇ ಉಸ್ತುವಾರಿ. ಹದಿನಾರು ವರ್ಷಕ್ಕೇ ಟ್ರ್ಯಾಕ್ಟರ್ ಓಡಿಸಿದವಳು. ಅದೇ ಅಭ್ಯಾಸದಲ್ಲಿ ಕಾರನ್ನೂ ಟ್ರ್ಯಾಕ್ಟರಿನ ವೇಗದಲ್ಲೇ ಓಡಿಸುತ್ತಿದ್ದಳು. ಒಬ್ಬಳು ಸ್ಟೇರಿಂಗ್ ಹಿಡಿದಾಗ ಉಳಿದಿಬ್ಬರು ಹಿಂದಿನ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದೆವು. ಹಾಗೆ ಒತ್ತುತ್ತಲೇ ನಾವು ಗೆಳತಿಯರಾದೆವು.

ಅವರಿಬ್ಬರೂ ಮೊದಲನೇ ಸಲಕ್ಕೇ ಪಾಸಾದರು. ಮೂವರಿಗೂ ಲೈಸೆನ್ಸ್ ಬಂದ ಮೇಲೆ ನಾವೇ ಓಡಿಸಿಕೊಂಡು ಮಂಗಳೂರಿಗೆ ಹೋಗಿ ಸಮುದ್ರ ನೋಡಿ ಬರುವುದೆಂದು ಮಾತಾಗಿತ್ತು. ನಾನು ಫೇಲಾದಾಗ, "ನೀವಿಬ್ರೂ ಹೋಗಿಬನ್ನಿ," ಎಂದೆ.

"ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಮಾರಾಯ್ತಿ. ಕಾಯ್ತೀವಿ," ಎಂದಳು ಹೊಳೆಹೊನ್ನೂರಿನವಳು. ಆರು ತಿಂಗಳು ಕಾದರು.

ಲೈಸೆನ್ಸ್ ಕೈಗೆ ಬಂದಾಗ ಮನೆಯಲ್ಲಿ ವಿಷಯ ಎತ್ತಿದೆ. ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಗಾಬರಿ ಜಾಸ್ತಿ. "ಗೊತ್ತಿರೋ ಡ್ರೈವರ್ ಒಬ್ರಿದಾರೆ, ಅವರನ್ನ ಕರ್ಕೊಂಡು ಹೋಗಿ," ಎಂದರು.

"ಹಾಗಾದ್ರೆ ನಾವೇನ್ರೀ, ಲಗೇಜಾ?" ಎಂದೆ.

ಅವರು ಮಾರನೇ ದಿನ ಆಫೀಸಿನಿಂದ ಬಂದವರೇ ನಮ್ಮ ಹಳೇ ಕಾರಿನ ಟೈರಿಗೆಲ್ಲ ಗಾಳಿ ಹಾಕಿಸಿ, ಸ್ಟೆಪ್ನಿ ನೋಡಿ, ಗಾಜು ಒರೆಸಿ ನಿಲ್ಲಿಸಿದರು. ಅದೇ ಅವರ ಒಪ್ಪಿಗೆ ಎಂದುಕೊಂಡೆ.

ಡಿಸೆಂಬರಿನ ಎರಡನೇ ಶನಿವಾರ ಬೆಳಗ್ಗೆ ಹೊರಟೆವು. ಆಗುಂಬೆಯವರೆಗೆ ಹೊಳೆಹೊನ್ನೂರಿನವಳು ಓಡಿಸಿದಳು. ತೀರ್ಥಹಳ್ಳಿಗೆ ಹೋಗುವ ಪ್ರತಿಯೊಂದು ಬಸ್ಸೂ ನಮ್ಮನ್ನು ಹಿಂದೆ ಹಾಕಿತು. ಅವಳು ಒಂದೊಂದಕ್ಕೂ ಕೈ ಬೀಸಿ ದಾರಿ ಕೊಟ್ಟಳು. ಘಾಟಿ ಇಳಿಸಿದ್ದು ಭದ್ರಾವತಿಯವಳು. ಪ್ರತಿ ತಿರುವಿನಲ್ಲೂ "ಮುರುಗಾ, ಮುರುಗಾ" ಎನ್ನುತ್ತಾ, ಸೂಜಿಗೆ ದಾರ ಪೋಣಿಸುವವಳ ಹಾಗೆ ಕಣ್ಣು ಕಿರಿದು ಮಾಡಿಕೊಂಡು, ಒಂದು ಗೀರೂ ಬೀಳದಂತೆ ಇಳಿಸಿದಳು. ಹೆಬ್ರಿಯಿಂದ ಮುಂದೆ ನನ್ನ ಪಾಳಿ. ಉಡುಪಿ ದಾಟಿ ಹೆದ್ದಾರಿ ಸಿಕ್ಕಾಗ ಎಪ್ಪತ್ತರಲ್ಲಿ ಹೋದೆ. ನನ್ನ ಜೀವನದಲ್ಲೇ ಮೊದಲ ಸಲ ಎಪ್ಪತ್ತು!

ಮಂಗಳೂರೇ ಏರುತಗ್ಗಿನ ಊರು ಎನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ. ನಾವು ಗೊತ್ತು ಮಾಡಿದ್ದ ಲಾಡ್ಜಿಗೆ ಹೋಗುವ ಓಣಿ ಗೋಡೆಗೆ ಏಣಿ ಇಟ್ಟಂತೆ ಮೇಲಕ್ಕೆದ್ದಿತ್ತು. ಅರ್ಧ ಹತ್ತುವಾಗ ಎದುರಿಗೊಂದು ವ್ಯಾನು ಬಂತು. ಬ್ರೇಕ್ ಒತ್ತಿದೆ. ವ್ಯಾನು ದಾಟಿತು. ಹೊರಡಿಸಿದೆ, ಎಂಜಿನ್ ನಿಂತಿತು. ಮತ್ತೆ ಹೊರಡಿಸಿದೆ, ಕಾರು ಹಿಂದಕ್ಕೆ ಜಾರಿತು. ಹಿಂದೆ ಹಾರ್ನುಗಳು ಶುರುವಾದವು. ಮೂರನೇ ಸಲವೂ ಜಾರಿದಾಗ ಹಿಂದಿದ್ದ ಆಟೋದವನು ಇಳಿದು ಬಂದು ಕಿಟಕಿಯಲ್ಲಿ ಬಗ್ಗಿ, "ಅಕ್ಕಾ, ಇಳಿಯಿರಿ, ನಾನು ಹತ್ತಿಸಿ ಕೊಡ್ತೇನೆ," ಎಂದ.

ಇಳಿದೆ. ಅವನು ಒಂದೇ ಉಸಿರಿಗೆ ಹತ್ತಿಸಿ, ಲಾಡ್ಜಿನ ಮುಂದೆ ನಿಲ್ಲಿಸಿ, ಕಾರಿನಲ್ಲೇ ಕೂತಿದ್ದ ಗೆಳತಿಯರ ಕೈಗೆ ನಗುತ್ತಾ ಕೀ ಕೊಟ್ಟು ಹೋದ. ಒಳ್ಳೆಯವನೇ. ಆದರೆ ಬ್ಯಾಗು ಹಿಡಿದುಕೊಂಡು ಅದೇ ಏರನ್ನು ನಡೆದು ಹತ್ತುವಾಗ ನನಗೆ ಅಳು ಬಂದಿತ್ತು.

ಸಂಜೆ ಪಣಂಬೂರಿನ ಸಮುದ್ರಕ್ಕೆ ಆಟೋದಲ್ಲೇ ಹೋದೆವು. ಹೊಳೆಹೊನ್ನೂರಿನವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗಿಳಿದು, ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದಳು. "ಇಷ್ಟು ನೀರಿದ್ದೂ ಒಂದು ಗದ್ದೆಗೂ ಆಗಲ್ವಲ್ಲೇ!" ಎಂದು ಅವಳು ಸಂಕಟಪಟ್ಟ ರೀತಿಗೆ ಭದ್ರಾವತಿಯವಳು ನಕ್ಕು ನಕ್ಕು ಮರಳಲ್ಲೇ ಕೂತುಬಿಟ್ಟಳು. ನಾನು ನಗಲಿಲ್ಲ. ಸಮುದ್ರ ಎದುರಿಗಿತ್ತು, ನನ್ನ ತಲೆಯಲ್ಲಿ ಓಣಿ ಇತ್ತು.

ಭದ್ರಾವತಿಯವಳು ನನ್ನ ಮುಖ ನೋಡಿದಳು. "ಏನೇ, ಆ ಏರನ್ನೇ ನೆನೆಸ್ಕೊಂಡು ಕೂತಿದೀಯಾ?"

"ವಾಪಸ್ ಹೋಗ್ತಾ ನೀವಿಬ್ರೇ ಓಡಿಸಿ. ನನಗೆ ಬೇಡ."

"ಹೊಲಿಗೆ ತಪ್ಪಿದ್ರೆ ಬಟ್ಟೆ ಬಿಸಾಕಲ್ಲ ಕಣೆ. ಬಿಚ್ಚಿ ಮತ್ತೆ ಹೊಲೀತೀವಿ. ನಾಳೆ ಬೆಳಗ್ಗೆ ಆರಕ್ಕೆ ಏಳು."

ಭಾನುವಾರ ಬೆಳಗ್ಗೆ ಆರಕ್ಕೆ ನಾವು ಮೂವರೂ ಆ ಓಣಿಯ ಬುಡದಲ್ಲಿದ್ದೆವು. ಕಾರು ಕೆಳಗೆ ತಂದುಕೊಟ್ಟದ್ದು ಹೊಳೆಹೊನ್ನೂರಿನವಳು. ಆಮೇಲೆ ಅವಳು ಏರಿನ ತುದಿಯಲ್ಲಿ ನಿಂತು ಬರುವ ಗಾಡಿಗಳಿಗೆ ಕೈ ಅಡ್ಡ ಹಿಡಿದಳು. ಭದ್ರಾವತಿಯವಳು ನನ್ನ ಪಕ್ಕ ಕೂತಳು. ಅರ್ಧಕ್ಕೆ ಹೋಗಿ ನಿಲ್ಲಿಸುವುದು, ಹೊರಡಿಸುವುದು. ಜಾರಿತು. ಕೆಳಗಿಳಿಸಿ ಮತ್ತೆ ಹೋದೆ. ಎಂಜಿನ್ ನಿಂತಿತು. ಐದಾರು ಸಲ ಹೀಗಾಗುವಷ್ಟರಲ್ಲಿ ಪಕ್ಕದ ಕಾಂಪೌಂಡಿನ ಗೇಟು ತೆರೆಯಿತು. ಲುಂಗಿ ಉಟ್ಟ ಹಿರಿಯರೊಬ್ಬರು ಪೇಪರು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಬೈಯುತ್ತಾರೆ ಎಂದುಕೊಂಡೆ.

"ಎಂತ ಮಾಡ್ತಾ ಇದ್ದೀರಿ ಅಮ್ಮಾ, ಬೆಳಿಗ್ಗೆ ಬೆಳಿಗ್ಗೆ?"

"ಏರು ಕಲೀತಾ ಇದೀನಿ," ಎಂದೆ.

ಅವರು ಗಂಭೀರವಾಗಿ ತಲೆಯಾಡಿಸಿದರು. ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರ್ ಆದವರಂತೆ. "ನೀವು ಹೆದರಿ ಕ್ಲಚ್ಚನ್ನು ಒಮ್ಮೆಗೇ ಬಿಡ್ತೀರಿ. ಹಾಗಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಇಡಿ. ಕ್ಲಚ್ ನಿಧಾನ ಬಿಡ್ತಾ ಬನ್ನಿ, ಕಾಲಿಗೆ ಒಂದು ನಡುಕ ಸಿಗ್ತದೆ, ಗಾಡಿಯ ಮೂತಿ ಒಂಚೂರು ಮೇಲೆ ಏಳ್ತದೆ. ಅದು ಗಾಡಿ ನಿಮಗೆ 'ನಾನು ರೆಡಿ' ಅಂತ ಹೇಳುದು. ಅಲ್ಲಿವರೆಗೆ ಕಾಯಿರಿ ಮಾರಾಯ್ರೆ. ಅವಸರ ಎಂತ?"

ಕಾದೆ. ಕಾಲಿಗೆ ನಡುಕ ಸಿಕ್ಕಿತು. ಮೂತಿ ಎದ್ದಿತು. ಹ್ಯಾಂಡ್‌ಬ್ರೇಕ್ ಬಿಟ್ಟೆ. ಕಾರು ಒಂದಿಂಚೂ ಹಿಂದೆ ಸರಿಯದೆ, ಎತ್ತು ನೊಗಕ್ಕೆ ಹೆಗಲು ಕೊಟ್ಟ ಹಾಗೆ, ಮುಂದಕ್ಕೆ ಹೋಯಿತು. ತುದಿಯಲ್ಲಿ ನಿಂತಿದ್ದ ಹೊಳೆಹೊನ್ನೂರಿನವಳು ರಸ್ತೆ ಕಾಯುವುದನ್ನು ಮರೆತು ಚಪ್ಪಾಳೆ ತಟ್ಟಿದಳು. ಅದೇ ಗುಂಗಿನಲ್ಲಿ ಮತ್ತೆ ಹತ್ತು ಸಲ ಹತ್ತಿಸಿದೆ. ಒಂದು ಸಲವೂ ಜಾರಲಿಲ್ಲ. ಆ ಹಿರಿಯರ ಹೆಂಡತಿ ನಮ್ಮನ್ನು ಒಳಗೆ ಕರೆದು ಬಿಸಿ ಬನ್ಸು, ಚಹಾ ಕೊಟ್ಟರು. ಅಂಥ ಬನ್ಸು ನಾನು ಮತ್ತೆಲ್ಲೂ ತಿಂದಿಲ್ಲ.

ಹತ್ತು ಗಂಟೆಗೆ ಊರಿನ ಕಡೆ ಹೊರಟಾಗ ಕೀ ನಾನೇ ತೆಗೆದುಕೊಂಡೆ. "ಘಾಟಿ ಬಂದಾಗ ಬದಲಾಯಿಸ್ಕೊಳ್ಳಣ," ಎಂದಳು ಭದ್ರಾವತಿಯವಳು.

"ಬೇಡ. ಘಾಟಿ ನಂದು," ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು, ಆದರೆ ಬೇಡ ಎನ್ನಲಿಲ್ಲ.

ಆಗುಂಬೆಯ ಬುಡದ ಸೋಮೇಶ್ವರ ದಾಟಿ ಘಾಟಿ ಹತ್ತತೊಡಗಿದಾಗ ಮಧ್ಯಾಹ್ನದ ಬಿಸಿಲು. ಭಾನುವಾರವಾದ್ದರಿಂದ ಹಿಂದೆ ಸಾಲಾಗಿ ಕಾರುಗಳು. ಮೊದಲ ತಿರುವುಗಳು ಸಲೀಸಾಗಿ ಹೋದವು. ಮೇಲಿನ ಒಂದು ಕಡಿದಾದ ತಿರುವಿನಲ್ಲಿ ಮಿನಿಬಸ್ಸೊಂದು ಇಳಿಯುತ್ತಾ ಬಂದು ಪೂರ್ತಿ ರಸ್ತೆ ಹಿಡಿಯಿತು. ನಿಲ್ಲಿಸಲೇಬೇಕಾಯಿತು. ಮಂಗಳೂರಿನ ಓಣಿಗಿಂತಲೂ ಕಡಿದಾದ ಏರು, ಬಲಕ್ಕೆ ಪ್ರಪಾತ, ಹಿಂದಿನ ಕಾರು ನನ್ನ ಬಂಪರಿಗೆ ಮುತ್ತಿಡುವಷ್ಟು ಹತ್ತಿರ. ಒಂದಡಿ ಜಾರಿದರೂ ಮುಗಿಯಿತು.

ಮಿನಿಬಸ್ಸಿನ ಡ್ರೈವರು ಹಿಂದೆ ಮುಂದೆ ಮಾಡಿ, ತಿರುಗಿಸಿಕೊಂಡು, ನನ್ನ ಪಕ್ಕದಲ್ಲೇ ಇಳಿದು ಹೋದ. ಹಿಂದಿನವರು ಹಾರ್ನ್ ಹೊಡೆದರು. ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಕಾಲಿಗೆ ತನ್ನ ಕೆಲಸ ಗೊತ್ತಿತ್ತು. ಅವಸರ ಮಾಡಲಿಲ್ಲ. ಇನ್ನೊಂದು ಹಾರ್ನ್ ಬಿತ್ತು. ಬೀಳಲಿ. ನಡುಕ ಬಂತು, ಮೂತಿ ಎದ್ದಿತು, ಬ್ರೇಕು ಬಿಟ್ಟೆ. ಕಾರು ತಿರುವನ್ನು ಸುತ್ತಿಕೊಂಡು ಮೇಲೇರಿತು.

"ಗೆದ್ಬಿಟ್ಟೆ ಕಣೇ!" ಎಂದು ಭದ್ರಾವತಿಯವಳು ಹಿಂದಿನಿಂದ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ಭುಜ ಬಿಡೇ, ಇನ್ನೂ ತಿರುವಿದೆ!" ಎಂದು ಕೂಗಿದೆ. ಕೂಗುತ್ತಲೇ ನಗುತ್ತಿದ್ದೆ.

ಆಗುಂಬೆಯ ನೆತ್ತಿಯಲ್ಲಿ ಇಳಿದು, ಮೂವರೂ ಕಟ್ಟೆಗೆ ಒರಗಿ ಕೆಳಗಿನ ಕಾಡು ನೋಡಿದೆವು. ನಾವು ಬಂದ ದಾರಿ ಮರಗಳ ನಡುವೆ ಅಲ್ಲಲ್ಲಿ ಒಂದು ತುಂಡು ಕಾಣುತ್ತಿತ್ತು. ಹೊಳೆಹೊನ್ನೂರಿನವಳು ಬುತ್ತಿ ಬಿಚ್ಚಿ ಚಕ್ಕುಲಿ ಕೊಟ್ಟಳು. ಹಸಿವಾಗಿತ್ತು, ತಿಂದೆವು.

ಶಿವಮೊಗ್ಗ ತಲುಪಿದಾಗ ನಾಲ್ಕು ಗಂಟೆ. ಅವರಿಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇವೆ ಎಂದರು. ನಾನು ನಿಲ್ಲಿಸಲೇ ಇಲ್ಲ. ಭದ್ರಾವತಿಯವಳನ್ನು ಅವಳ ಅಂಗಡಿಯ ಮುಂದೆಯೇ ಇಳಿಸಿದೆ, ನೋಡುವವರು ನೋಡಲಿ ಎಂದು ಒಂದು ಹಾರ್ನ್ ಕೂಡ ಹೊಡೆದೆ. ಅಲ್ಲಿಂದ ಹೊಳೆಹೊನ್ನೂರಿಗೆ ಹೋಗಿ ಇನ್ನೊಬ್ಬಳನ್ನು ಮನೆ ಬಾಗಿಲಿಗೆ ಬಿಟ್ಟೆ. "ಒಬ್ಳೇ ಹೋಗ್ತೀಯಾ?" ಎಂದಳು. ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದೆ ನಾನು ಒಂದು ಫರ್ಲಾಂಗೂ ಕಾರು ಓಡಿಸಿರಲಿಲ್ಲ.

"ಹೋಗ್ತೀನಿ," ಎಂದೆ.

ಇಳಿಬಿಸಿಲಿನಲ್ಲಿ ಗದ್ದೆಗಳ ನಡುವಿನ ರಸ್ತೆಯಲ್ಲಿ ಒಬ್ಬಳೇ ಬಂದೆ. ಕಿಟಕಿ ಪೂರ್ತಿ ಇಳಿಸಿದ್ದೆ. ಯಾರೂ ಬ್ರೇಕ್ ಒತ್ತು ಎನ್ನಲಿಲ್ಲ, ಗೇರು ಬದಲಾಯಿಸು ಎನ್ನಲಿಲ್ಲ. ವಿದ್ಯಾನಗರಕ್ಕೆ ಬಂದಾಗ ನನ್ನ ಗಂಡ ಗೇಟು ತೆರೆದು ನಿಂತಿದ್ದರು. ನಾನು ಅವರಿಗೆ ಕೈ ಬೀಸಿ, ಮನೆಯ ಮುಂದೆ ನಿಲ್ಲಿಸದೆ, ಬಡಾವಣೆಯ ಸುತ್ತ ಇನ್ನೊಂದು ಸುತ್ತು ಹೊಡೆದೆ.