ಮನೆಗೊಂದು ಡೌನ್‌ಲೋಡ್

ಟಣ್, ಟಣ್, ಟಣ್.

ಹೋದ ವರ್ಷದ ದ್ರಾಕ್ಷಿ ಸುಗ್ಗಿ ಎಂದರೆ ನನಗೆ ಮೊದಲು ಕೇಳಿಸುವುದು ಈ ಸದ್ದು. ಕಾಮಯಗೌಂಡನ್‌ಪಟ್ಟಿಯ ತೋಟದಲ್ಲಿ ಯಾರೋ ತಗಡಿನ ಡಬ್ಬ ಬಡಿದು ಹಕ್ಕಿ ಓಡಿಸುತ್ತಿದ್ದರು. ಚಪ್ಪರದ ಕೆಳಗೆ ನನ್ನ ಸೋದರತ್ತೆಯ ಮಗಳು ನಾಗಮ್ಮಕ್ಕ ಕೂತು, ನಮ್ಮ ಮನೆಮಾತಿನ ಕನ್ನಡವನ್ನು ಒಂದೊಂದೇ ಪದವಾಗಿ ಫೋನಿಗೆ ಹೇಳುತ್ತಿದ್ದಳು. ಫೋನ್ ಹಿಡಿದವಳು ನನ್ನ ತಂಗಿಯ ಮಗಳು ರಾಜಿ.

"ಡಬ್ಬ ನಿಲ್ಸಕ್ಕೆ ಯೋಳಿ ದೊಡ್ಡಮ್ಮಾ, ರೆಕಾರ್ಡಿಂಗ್ ಕೆಟ್ಟೋಗ್ತೈತೆ."

ನಾನು ಬಾಯಿ ತೆರೆಯುವ ಮೊದಲೇ ನಾಗಮ್ಮಕ್ಕ ಅಂದಳು: "ಡಬ್ಬ ನಿಂತ್ರೆ ಹಣ್ಣು ಓಗುತ್ತೆ ಪಿಳ್ಳೆ. ನಿನ್ ಮಿಷಿನ್‌ಗೆ ಕಿವಿ ಮುಚ್ಕೊಳ್ಳಕ್ಕೆ ಯೋಳು."

ರಾಜಿ ತೇನಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ತಲೆಮಾರುಗಳ ಹಿಂದೆ ತಮಿಳುನಾಡಿಗೆ ಬಂದು ನೆಲೆಸಿದ ಕನ್ನಡಿಗರು ನಾವು; ನಮ್ಮ ಮಕ್ಕಳಿಗೆ ಮನೆಮಾತು ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಅವರಿಗಾಗಿ ಅವಳೊಂದು ಆ್ಯಪ್ ಮಾಡಿದಳು. ತಮಿಳು ಪದ ಒತ್ತಿದರೆ ನಮ್ಮ ಪದವನ್ನು ನಾಗಮ್ಮಕ್ಕ ಹೇಳುತ್ತಾಳೆ. ಪೂರಾ ಓಪನ್ ಸೋರ್ಸ್. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. (ನಮ್ಮ ಕಾನ್ವೆಂಟ್ ಸಿಸ್ಟರ್‌ಗಳು ಇದನ್ನೇ ಕಾಪಿ ಹೊಡೆಯುವುದು ಎನ್ನುತ್ತಿದ್ದರು.)

ಅಷ್ಟೂ ದನಿ ಸೇರಿ ಫೈಲು ಬಲು ಭಾರ. ಜನ ಇಳಿಸಿಕೊಳ್ಳಲು ಅದನ್ನು ಇಂಟರ್ನೆಟ್ಟಿನಲ್ಲಿ ಎಲ್ಲಾದರೂ ಇಡಬೇಕಲ್ಲ? ರಾಜಿಯ ಕೈಗೆಟುಕುವ ಒಂದು ಹೋಸ್ಟಿಂಗ್ ಕಂಪನಿ ಸಿಕ್ಕಿತು. "ಅನ್‌ಲಿಮಿಟೆಡ್" ಎಂದು ದಪ್ಪಕ್ಷರದಲ್ಲಿತ್ತು. ಕೆಳಗಿನ ಸಣ್ಣಕ್ಷರ ಯಾರು ಓದುತ್ತಾರೆ?

ಆಮೇಲೆ ತೇವಾರಂನ ನನ್ನ ಭಾವ ಪೆರುಮಾಳು ನಮ್ಮವರ ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿದರು. ಜೊತೆಗೊಂದು ವಾಯ್ಸ್ ನೋಟ್: "ಇದು ನಮ್ಮೋರ ಕಾರ್ಯ. ಮನೆಗೊಬ್ರು ತಪ್ದೆ ಇಳಿಸ್ಕೊಳ್ಳಿ. ಆಮ್ಯಾಕೆ ಬರಾಕಾಗ್ಲಿಲ್ಲ ಅನ್ನೋ ಮಾತು ಬ್ಯಾಡ."

ಮದುವೆಗೆ ಬಾರದ ಮನೆಯ ಹೆಸರನ್ನು ಮೊಮ್ಮಕ್ಕಳ ಕಾಲದವರೆಗೂ ನೆನಪಿಟ್ಟುಕೊಳ್ಳುವ ಜನ ನಾವು. ಸುಮ್ಮನಿರುತ್ತೇವೆಯೇ? ಎಲ್ಲರೂ ಬಂದರು. ಬಂದವರು ತಾಯಿಯ ಪರವಾಗಿ, ಮಾವನ ಮನೆಯ ಪರವಾಗಿ ಮತ್ತೆ ಇಳಿಸಿಕೊಂಡರು. ವೇದಸಂದೂರಿನ ಮಿಲ್ಲಿನಲ್ಲಿರುವ ಒಬ್ಬರು ಇಳಿಸುವುದು, ಫೋನ್ ತುಂಬಿತೆಂದು ಅಳಿಸುವುದು, ಮರುದಿನ ಮತ್ತೆ ಇಳಿಸುವುದು! ರಾಜಿಗೆ ಫೋನ್ ಬೇರೆ: "ನನ್ ಆಜ್ರಿ ಬಿದ್ದೈತಾ ನೋಡವ್ವ."

ವಾರದೊಳಗೆ ಪೇಜ್ ಮುಚ್ಚಿತು. ಡೌನ್‌ಲೋಡ್ ಲಿಮಿಟ್ ಮುಗಿದಿದೆ, ದೊಡ್ಡ ಪ್ಲಾನ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಈ ತಿಂಗಳ ಕೊನೆಗೆ ಫೈಲ್ ಅಳಿಸುತ್ತೇವೆ ಎಂದು ಕಂಪನಿಯ ಮೇಲ್. ಆ ಪ್ಲಾನ್ ರಾಜಿಯ ಕೈಗೆಟುಕುವಂಥದ್ದಲ್ಲ. ಪೆರುಮಾಳು ಭಾವನಿಗೆ ಅರ್ಥವೇ ಆಗಲಿಲ್ಲ. "ಜನ ಬಂದಿದ್ದೂ ತಪ್ಪಾ?"

ಕಾಪಿ ರಾಜಿಯ ಲ್ಯಾಪ್‌ಟಾಪಿನಲ್ಲಿದೆ. ನನ್ನ ಬೀರುವಿನಲ್ಲಿ ಪೆನ್‌ಡ್ರೈವ್ ಕೂಡ ಇದೆ. ಆದರೆ ಬೀರುವಿನಲ್ಲಿದ್ದರೆ ಕೊಯಮತ್ತೂರಿನ ಮಗುವಿಗೆ ಹೇಗೆ ಕೇಳಿಸಬೇಕು?

ಈಗ ರಾಜಿಯೂ ನಾನೂ ದಿನವೂ ಜಾಗ ಹುಡುಕುತ್ತೇವೆ. ಒಂದು ಕಡೆ ಫ್ರೀ, ಆದರೆ ಇಷ್ಟು ಭಾರದ ಫೈಲ್ ಬೇಡವಂತೆ. ಇನ್ನೊಂದು ಕಡೆ ಇಡುವುದು ಅಗ್ಗ, ಆದರೆ ಇಳಿಸಿಕೊಳ್ಳುವ ಪ್ರತಿಯೊಬ್ಬರ ಲೆಕ್ಕಕ್ಕೂ ನಮಗೆ ಬಿಲ್. ಪೆರುಮಾಳು ಭಾವ ಇನ್ನೊಂದು ವಾಯ್ಸ್ ನೋಟ್ ಹಾಕಿದರೆ ರಾಜಿಯ ಗತಿ? ಓಪನ್ ಸೋರ್ಸ್ ಕೆಲಸಕ್ಕೆ ಉಚಿತವಾಗಿ ಜಾಗ ಕೊಡುವ ಒಂದು ಯೂನಿವರ್ಸಿಟಿಗೂ ಬರೆದಿದ್ದೇವೆ. ಉತ್ತರವಿಲ್ಲ.

ರಾಜಿ ದನಿಯನ್ನು ಕುಗ್ಗಿಸಿ ಫೈಲನ್ನು ಹಗುರ ಮಾಡಿಯೂ ನೋಡಿದಳು. ಕೇಳಿದೆ. ಕೊಡದೊಳಗಿಂದ ಬೇರೆ ಯಾವಳೋ ಮಾತಾಡಿದಂತಿತ್ತು.

"ಬೇಡ ಕಣೇ," ಅಂದೆ. ಅವಳೂ ತಲೆಯಾಡಿಸಿದಳು.

ಡಬ್ಬದ ಸದ್ದಿಲ್ಲದ ಕಡೆ ಮತ್ತೆ ರೆಕಾರ್ಡ್ ಮಾಡೋಣ, ಆಗ ಕುಗ್ಗಿಸಿದರೂ ದನಿ ಕೆಡದೇನೋ ಎಂದರೆ, ನಾಗಮ್ಮಕ್ಕನ ಗಂಟಲಿನಲ್ಲಿ ಗಡ್ಡೆ. ಈ ವಾರ ಮದುರೆಯಲ್ಲಿ ಆಪರೇಷನ್. ದನಿ ಉಳಿಯುತ್ತದೆಂದು ಡಾಕ್ಟರ್ ಮಾತು ಕೊಟ್ಟಿಲ್ಲ.

ಬೆಳಿಗ್ಗೆ ದಿಂಡಿಗಲ್ಲಿನ ನನ್ನ ಮನೆಯಲ್ಲಿ ಕಾಫಿಗೂ ಮೊದಲು ಲಿಂಕ್ ಒತ್ತಿ ನೋಡುತ್ತೇನೆ. ಪೇಜ್ ತೆರೆಯುವುದಿಲ್ಲ. ಸಿಲ್ಲಿ ಅನ್ನಿಸುತ್ತದೆ, ಆದರೂ ಮತ್ತೊಮ್ಮೆ ಒತ್ತುತ್ತೇನೆ.

ನಾಗಮ್ಮಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಹೋದ ಭಾನುವಾರ. ಮದುರೆಗೆ ಹೊರಡಲು ಮನೆಯವರು ಬ್ಯಾಗ್ ಕಟ್ಟಿಟ್ಟಿದ್ದರು. ಪಿಸುದನಿಯಲ್ಲಿ ಕೇಳಿದಳು: "ನನ್ ಸೊಲ್ಲು ಈಗ ಯಾರ್ ಮನೇಲೈತೆ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನಿಜ ಹೇಳಲು ಧೈರ್ಯ ಸಾಲಲಿಲ್ಲ. "ಬಾಡಿಗೆ ಜಾಗದಲ್ಲಿ, ಅಕ್ಕ," ಅಂದೆ.

ಅವಳು ನನ್ನ ಕೈ ಹಿಡಿದು ಕೇಳಿದಳು: "ಮನೆ ಓನರ್ ಒಳ್ಳೇವ್ನಾ?"