ಆರನೇ ಟ್ಯಾಂಕಿನ ಜಾಗದಲ್ಲಿ ಏಳನೇ ಟ್ಯಾಂಕು

ಬೆಳಗಿನ ಐದೂ ಮುಕ್ಕಾಲು. ಹಾಲಿನ ಕಾರ್ಖಾನೆಯ ಟ್ಯಾಂಕುಗಳ ಸಾಲಿನಲ್ಲಿ ನೆಲ ಇನ್ನೂ ಒದ್ದೆಯಾಗಿದೆ. ನಲವತ್ತಾರು ವರ್ಷದ ಹೆಂಗಸೊಬ್ಬರು ಒಂಬತ್ತನೇ ಟ್ಯಾಂಕಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಪೈಪಿನಿಂದ ಬಿಸಿ ಅಳೆಯುವ ಬೆರಳುದ್ದದ ಸೆನ್ಸರ್ ಬಿಚ್ಚಿ, ಪಕ್ಕದಲ್ಲಿಟ್ಟುಕೊಂಡ ಬಿಸಿನೀರಿನ ಚೊಂಬಿಗೆ ಅದ್ದುತ್ತಾರೆ. ಆಮೇಲೆ ವಾಕಿಟಾಕಿಯಲ್ಲಿ ಕೇಳುತ್ತಾರೆ: "ಯಾರು ಏರಿದ್ರು?"

ಕಂಟ್ರೋಲ್ ರೂಮಿನಲ್ಲಿ ಪರದೆ ನೋಡುತ್ತಿರುವ ಆಪರೇಟರ್ ಉತ್ತರಿಸುತ್ತಾರೆ: "ಒಂಬತ್ತನೇ ಟ್ಯಾಂಕು, ಕೆಳಗಿನ ಪೈಪು, ಅಕ್ಕ." ಅಕ್ಕ ನೋಟ್‌ಬುಕ್ಕಿನಲ್ಲಿ ಸರಿ ಗುರುತು ಹಾಕಿ, ಚೊಂಬು ಎತ್ತಿಕೊಂಡು ಹತ್ತನೇ ಟ್ಯಾಂಕಿಗೆ ಹೋಗುತ್ತಾರೆ. ಇಂಥ ಪ್ರಶ್ನೆ ದಿನಕ್ಕೆ ತೊಂಬತ್ತು ಸಲ. ಕಾರ್ಖಾನೆಯಲ್ಲಿರುವ ಸೆನ್ಸರ್, ವಾಲ್ವ್, ಪಂಪುಗಳ ಒಟ್ಟು ಸಂಖ್ಯೆ ಎರಡು ಸಾವಿರದ ಎಂಟುನೂರ ನಲವತ್ತಾರು. ಒಂದು ಸುತ್ತು ಮುಗಿಯಲು ಒಂದು ತಿಂಗಳಿಗಿಂತ ಹೆಚ್ಚು ಬೇಕು. ಮುಗಿದ ಮರುದಿನ ಮತ್ತೆ ಒಂದನೇ ಟ್ಯಾಂಕು.

ಎಲ್ಲರೂ ಇವರನ್ನು ಕರೆಯುವುದು ನಂಬರ್ ಅಕ್ಕ ಎಂದು. ಬಸ್ ಡಿಪೋದಲ್ಲಿ ಟೈರ್ ರಿಪೇರಿ ಮಾಡುವ ಗಂಡ ಇನ್ನೂ ಒಂದು ಹೆಜ್ಜೆ ಮುಂದೆ. ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದಾಳೆ, ನನ್ನೊಬ್ಬನ ಬೆನ್ನಿಗೆ ಅಂಟಿಸೋದು ಬಾಕಿ ಎಂದು ನನ್ನೆದುರೇ ನಗೆಯಾಡಿದರು. ನಾನು ಇಲ್ಲಿಗೆ ಬಂದದ್ದೂ ಭಾನುವಾರದ ಪೇಪರಿಗೆ ಅಂಥ ನಗೆಯ ನಾಲ್ಕು ಸಾಲು ಹುಡುಕಿಕೊಂಡೇ. ಸಿಕ್ಕಿದ್ದು ಬೇರೆ.

ಇವರ ಕೆಲಸ ಹೇಳಲು ಸುಲಭ. ಕಾರ್ಖಾನೆಯ ಎಲ್ಲ ಸುದ್ದಿಯೂ ಒಂದು ಸರ್ವರ್ ಮೂಲಕ ಪರದೆಗೆ ಬರುತ್ತದೆ. ಯಾವ ಸುದ್ದಿ ಯಾರದು ಎಂದು ತಿಳಿಯಲು ಪ್ರತಿಯೊಂದು ವಸ್ತುವಿಗೂ ಒಂದು ಗುರುತು ಇರಬೇಕು. ಸರ್ವರ್ ಈ ವಿಷಯದಲ್ಲಿ ಬಹಳ ಉದಾರಿ. ಗುರುತು ಬರೀ ನಂಬರ್ ಆಗಿರಬಹುದು, ಅಕ್ಷರದಲ್ಲಿ ಬರೆದ ಹೆಸರಾಗಿರಬಹುದು, ಜಗತ್ತಿನಲ್ಲಿ ಇನ್ನೆಲ್ಲೂ ಬರದಂಥ ಮಾರುದ್ದದ ಸಂಕೇತವಾಗಿರಬಹುದು, ಯಂತ್ರ ಮಾಡಿದವನಿಗೆ ಮಾತ್ರ ತಿಳಿಯುವ ಗುಟ್ಟಿನ ಗುರುತೂ ಆಗಿರಬಹುದು. ಏನು ಕೊಟ್ಟರೂ ಅದು ತಕರಾರಿಲ್ಲದೆ ನುಂಗುತ್ತದೆ.

"ನಾಲ್ಕರಲ್ಲಿ ಯಾವುದೂ ಕೆಟ್ಟದ್ದಲ್ಲ ಸರ್," ಎನ್ನುತ್ತಾರೆ ಅಕ್ಕ. "ಒಂದ್ಸಲ ಕೊಟ್ಟಿದ್ದನ್ನ ಬದಲಾಯಿಸಬಾರದು, ಅಷ್ಟೆ. ಇಲ್ಲಿ ಬದಲಾಯಿಸಿಬಿಟ್ರು."

ಐದು ವರ್ಷದ ಹಿಂದೆ ಹೊಸ ಸರ್ವರ್ ಬಂತು. ಅಳವಡಿಸಲು ಬಂದವರಿಗೆ ಆತುರ. ಒಂದೊಂದಕ್ಕೂ ಹೆಸರು ಕೊಡುತ್ತ ಕೂರುವವರು ಯಾರು? ಸರ್ವರ್ ಶುರುವಾದಾಗಲೆಲ್ಲ ತಾನೇ ಒಂದರಿಂದ ಎಣಿಸಿಕೊಂಡು ನಂಬರ್ ಹಂಚಲಿ ಎಂದು ಬಿಟ್ಟು ಹೋದರು. ಮೇಷ್ಟರು ದಿನವೂ ಹೊಸದಾಗಿ ಹಾಜರಿ ನಂಬರ್ ಹಂಚಿದ ಹಾಗೆ. ಎಲ್ಲ ಮಕ್ಕಳೂ ಬಂದ ದಿನ ಸರಿ. ನಾಲ್ಕನೆಯವನು ಬಾರದಿದ್ದರೆ ಅವನ ಹಿಂದಿನವರೆಲ್ಲ ಒಂದೊಂದು ನಂಬರ್ ಮುಂದಕ್ಕೆ ಸರಿಯುತ್ತಾರೆ. ಅಕ್ಕ ಇದನ್ನು ಮೊದಲ ವಾರವೇ ಕಂಡುಹಿಡಿದು ಮ್ಯಾನೇಜರಿಗೆ ಎರಡು ಪುಟ ಬರೆದುಕೊಟ್ಟರು. ಅದರ ನಕಲು ನಾನು ನೋಡಿದ್ದೇನೆ. ಮೂಲೆಯಲ್ಲಿ ಮ್ಯಾನೇಜರರ ಕೈಬರಹದಲ್ಲಿ ಒಂದೇ ಪದವಿದೆ: 'ನೋಡಿದೆ'. ಉದ್ಘಾಟನೆಯ ಹೂವು ಬಾಡುವ ಮೊದಲೇ ಹೊಸ ಸರ್ವರಿನಲ್ಲಿ ಹುಳುಕಿದೆ ಎಂದು ಒಪ್ಪಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ?

ಏಳು ತಿಂಗಳ ನಂತರ ಒಂದು ಬೆಳಿಗ್ಗೆ ನಾಲ್ಕನೇ ಟ್ಯಾಂಕಿನ ಸೆನ್ಸರ್ ರಿಪೇರಿಗೆ ಹೋಗಿತ್ತು. ಅದೇ ಹೊತ್ತಿಗೆ ಪರದೆ ಸ್ತಬ್ಧವಾಯಿತು. ಸರ್ವರ್ ಆಫ್ ಮಾಡಿ ಆನ್ ಮಾಡಿ ಎಂದು ಮ್ಯಾನೇಜರ್ ಅಕ್ಕನಿಗೆ ಫೋನಿನಲ್ಲಿ ಹೇಳಿದರು. ಒಂದು ಸೆನ್ಸರ್ ಇಲ್ಲ, ಈಗ ಬೇಡ ಸರ್ ಎಂದು ಅಕ್ಕ ಹೇಳಿ ನೋಡಿದರು. ಹಾಲು ಕಾಯುತ್ತ ನಿಲ್ಲುವುದಿಲ್ಲ, ಹೇಳಿದಷ್ಟು ಮಾಡಿ ಎಂಬ ಉತ್ತರ ಬಂತು. ಮಾಡಿದರು. ಸರ್ವರ್ ಮತ್ತೆ ಎಣಿಸಿತು. ಐದನೆಯದು ನಾಲ್ಕಾಯಿತು, ಆರು ಐದಾಯಿತು, ಏಳು ಆರಾಯಿತು. ಆಗ ವಾಕಿಟಾಕಿ ಇರಲಿಲ್ಲ. ಅಕ್ಕ ಸರ್ವರ್ ಕೋಣೆಯಿಂದ ಕಂಟ್ರೋಲ್ ರೂಮಿಗೆ ಓಡಿ ಹೋಗಿ ತಿಳಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು.

ಆ ಹತ್ತು ನಿಮಿಷದಲ್ಲಿ ಟ್ಯಾಂಕ್ ತೊಳೆಯುವವರು ಆರನೆಯದು ಖಾಲಿಯೇ ಎಂದು ಕೇಳಿದರು. ಆಗಿನ ಆಪರೇಟರ್ ಪರದೆ ನೋಡಿದರು. ಆರನೆಯದರ ಮುಂದೆ ಸೊನ್ನೆ ಇತ್ತು. ಖಾಲಿ ಎಂದರು. ಆ ಸೊನ್ನೆ ಏಳನೇ ಟ್ಯಾಂಕಿನದು. ಆರನೆಯದರ ತುಂಬ ತೊಳೆಯಲು ಬಿಟ್ಟ ಕುದಿಯುವ ಕಾಸ್ಟಿಕ್ ಸೋಡಾ ನೀರು. ತಳದ ಪೈಪ್ ಬಿಚ್ಚಿದವರ ಎರಡೂ ಕಾಲು ತೊಡೆಯವರೆಗೆ ಬೆಂದುಹೋದವು.

ತೊಳೆಯುವವರು ಬೇರೆ ಯಾರೂ ಅಲ್ಲ, ಆ ಆಪರೇಟರರ ಸ್ವಂತ ತಂಗಿಯ ಗಂಡ. ಕೆಲಸಕ್ಕೆ ಸೇರಿಸಿದವರೂ ಆಪರೇಟರೇ.

ವಿಚಾರಣೆ ನಡೆಯಿತು. ಅಕ್ಕ ತಾವೇ ಎದ್ದು ಹೋಗಿ ಸರ್ವರ್ ಆಫ್ ಮಾಡಿ ಆನ್ ಮಾಡಿದ್ದು ನಾನು ಎಂದರು. ತಮ್ಮ ಎರಡು ಪುಟ ತೋರಿಸಿದರು, ಸರ್ವರ್ ತಾನೇ ಬರೆದಿಟ್ಟ ಆ ದಿನದ ದಾಖಲೆ ತೋರಿಸಿದರು. ಆ ಹೇಳಿಕೆ ವರದಿಯಲ್ಲಿಲ್ಲ. ಅದನ್ನು ಬರೆದರೆ ಮ್ಯಾನೇಜರರ ಫೋನನ್ನೂ 'ನೋಡಿದೆ'ಯನ್ನೂ ಬರೆಯಬೇಕಿತ್ತಲ್ಲ. ವರದಿಯಲ್ಲಿರುವುದು ಒಂದೇ ವಾಕ್ಯ: ಆಪರೇಟರ್ ಪರದೆಯನ್ನು ಸರಿಯಾಗಿ ನೋಡಲಿಲ್ಲ. ಕೋತಿ ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆ ಇದು. ಆಪರೇಟರ್ ಕೆಲಸ ಹೋಯಿತು, ಈಗ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾರೆ. ತಂಗಿಯ ಮನೆಯ ಬಾಗಿಲು ಮುಚ್ಚಿತು. ತಾವೇ ಎತ್ತಿ ಆಡಿಸಿದ ತಂಗಿಯ ಮಗಳ ಮದುವೆ ಕಳೆದ ವರ್ಷ ನಡೆದಾಗ ಸೋದರಮಾವನಿಗೆ ಕರೆಯಿರಲಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಎಲ್ಲದಕ್ಕೂ ಬದಲಾಗದ ಹೆಸರು ಕೊಡಿ ಎಂದು ಅಕ್ಕನಿಗೇ ಆದೇಶ ಬಂತು. ಹನ್ನೊಂದು ತಿಂಗಳು ಅವರೊಬ್ಬರೇ ಪ್ರತಿ ಪೈಪನ್ನೂ ಮುಟ್ಟಿ ನೋಡಿ ಹೆಸರಿಟ್ಟರು. ಕಿತ್ತುಹಾಕಿದ ಯಂತ್ರದ ಹೆಸರನ್ನು ಮತ್ತೊಂದಕ್ಕೆ ಕೊಡುವುದಿಲ್ಲ. ಅಂಥ ನೂರಾ ಹನ್ನೆರಡು ಹೆಸರುಗಳು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿವೆ. ಅಂದಿನಿಂದ ಇಂದಿನವರೆಗೆ ಪರದೆ ಒಂದನ್ನೂ ತಪ್ಪಾಗಿ ತೋರಿಸಿಲ್ಲ. ಅದಕ್ಕಾಗಿ ಸುರಕ್ಷತೆಯ ಫಲಕ ಬಂತು. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು ಮ್ಯಾನೇಜರ್. ನನಗೂ ಆ ಫೋಟೋ ಕೊಟ್ಟು, ಹಳೇ ಫೈಲ್ ಮುಗಿದಿದೆ, ಹೆಣ್ಣುಮಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ ಎಂದರು. ನನಗೆ ಮೈ ಉರಿಯಿತು.

ಅಕ್ಕನಿಗೆ ಆ ಒಳ್ಳೆಯ ಮಾತು ಬೇಡ. ಬೆಂದ ಕಾಲಿನವರ ಮನೆಗೆ ಅವರು ಮೂರು ಸಲ ಹೋಗಿ, ನಿಮ್ಮಣ್ಣ ಸರಿಯಾಗೇ ನೋಡಿದರು, ಪರದೆಯೇ ಸುಳ್ಳು ಹೇಳಿತು ಎಂದು ಕೈಮುಗಿದು ಹೇಳಿ ಬಂದಿದ್ದಾರೆ. ಆ ತಂಗಿ ಕಾಫಿ ಕೊಟ್ಟು, ಪ್ರತಿ ಸಲವೂ ಒಂದೇ ಮಾತು ಹೇಳಿ ಕಳಿಸಿದ್ದಾರೆ: "ನಿಮ್ಮದು ಒಳ್ಳೇ ಮನಸ್ಸು, ಅದಕ್ಕೆ ಹೀಗೆ ಹೇಳ್ತೀರ. ಆದ್ರೆ ಬರೆದಿರೋದು ಬೇರೆ ಇದೆಯಲ್ಲ?"

ಇದೆಲ್ಲ ಅಚ್ಚಾದರೆ ಕೆಲಸ ಉಳಿಯುತ್ತದೆಯೇ ಎಂದು ಕೇಳಿದೆ. ಉಳಿಯಲಿಕ್ಕಿಲ್ಲ ಎಂದು ಅವರಿಗೆ ಗೊತ್ತು. ಗಂಡನಿಗೂ ಹೇಳಿ ಒಪ್ಪಿಸಿದ್ದಾರೆ. ಹದಿನೇಳು ವರ್ಷದ ಕೆಲಸಕ್ಕೆ ಏನಾದರೂ ಆಸೆ ಇದೆಯೇ ಎಂದು ಕೊನೆಗೆ ಕೇಳಿದಾಗ ಚೊಂಬು ಕೆಳಗಿಟ್ಟರು.

"ನನ್ನ ಬಗ್ಗೆ ಏನಾದ್ರೂ ಬರ್ಕೊಳ್ಳಿ, ಬಿಡ್ಲೂಬಹುದು. ಸರ್ವರ್ ಆನ್ ಮಾಡಿದ್ದು ನಾನು, ಅವ್ರು ನೋಡಿದ್ದು ಸರಿಯಾಗೇ ಇತ್ತು. ಇದಿಷ್ಟು ಮಾತ್ರ ಬಿಡಬೇಡಿ. ಆ ತಂಗಿ ಮನೆಗೆ ಭಾನುವಾರ ನಿಮ್ಮ ಪೇಪರ್ ಬರುತ್ತೆ ಸರ್. ವಿಚಾರಿಸಿದೀನಿ."